ಪದ ಬೇಕು: ಕುಡಿತದಿಂದ ಮೆದುಳು ಸೊರಗಿದವರು ಹೇಳುವ ‘ನಡೆಯದ ನೆನಪಿ’ಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಹಲವು ವರ್ಷ ಕುಡಿದು, ಇಲ್ಲವೇ ಮಾದಕ ವಸ್ತು ಬಳಸಿ ಮೆದುಳಿಗೆ ತೊಂದರೆ ಮಾಡಿಕೊಂಡವರ ಮನೆಯವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಹೆಚ್ಚಿನ ಕಡೆ ಪದ ಸಿಕ್ಕಿದೆ. ಒಂದು ಕಡೆ ಮಾತ್ರ ತಿಂಗಳಿಂದ ಪೆನ್ನು ಮುಂದೆ ಹೋಗುತ್ತಿಲ್ಲ. ಆ ಪದ ಕಾನ್‌ಫ್ಯಾಬ್ಯುಲೇಶನ್.

ಅದೇನು ಅಂತ ಮೊದಲು ಹೇಳುತ್ತೇನೆ. ನನ್ನ ಸೋದರಮಾವ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕುಡಿದವರು. ಕುಡಿತ ಬಿಟ್ಟ ಮೇಲೂ ಹೊಸದೇನೂ ಅವರ ನೆನಪಲ್ಲಿ ನಿಲ್ಲುತ್ತಿರಲಿಲ್ಲ. “ನಿನ್ನೆ ಏನು ಮಾಡಿದ್ರಿ ಮಾವ?” ಎಂದು ಕೇಳಿದರೆ, “ಆಫೀಸಲ್ಲಿ ಆಡಿಟ್ ಇತ್ತು ಕಣೋ, ಬರೋದು ತಡವಾಯ್ತು” ಅನ್ನುತ್ತಿದ್ದರು. ಅವರು ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಹಿಂದಿನ ದಿನವೆಲ್ಲ ಹಾಸಿಗೆಯಲ್ಲೇ ಇದ್ದರು. ನಾವೆಲ್ಲ ಅದನ್ನು ಸುಳ್ಳು ಎಂದೆವು. ನಾನಂತೂ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವರು ಕಣ್ಣು ತುಂಬಿಕೊಂಡು ಸುಮ್ಮನಾದರು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಅವರು ಸುಳ್ಳು ಹೇಳುತ್ತಿರಲಿಲ್ಲ. ನಿನ್ನೆಯ ನೆನಪು ಇರಬೇಕಾದ ಜಾಗ ಖಾಲಿ ಇತ್ತು. ಮೆದುಳು ಹಳೆಯ ದಿನವೊಂದನ್ನು ತಂದು ಅಲ್ಲಿ ಕೂರಿಸಿತ್ತು. ಅವರ ಮಟ್ಟಿಗೆ ಅದೇ ನಿನ್ನೆ.

ರಷ್ಯಾದ ವೈದ್ಯ ಸೆರ್ಗೈ ಕೊರ್ಸಕಾಫ್ 1887ರ ಹೊತ್ತಿಗೆ ಈ ಮರೆವಿನ ಕಾಯಿಲೆಯನ್ನು ವಿವರವಾಗಿ ಬರೆದರು. ಅದಕ್ಕೂ ಮುಂಚೆ, 1881ರಲ್ಲಿ, ಜರ್ಮನಿಯ ಕಾರ್ಲ್ ವೆರ್ನಿಕೆ ಇದರ ಮೊದಲ ಹಂತವನ್ನು ಗುರುತಿಸಿದ್ದರು. ಎರಡಕ್ಕೂ ಮೂಲ ಒಂದೇ, ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊರತೆ. ತುಂಬಾ ಕುಡಿಯುವವರು ಊಟ ಕಡಿಮೆ ಮಾಡುತ್ತಾರೆ. ತಿಂದದ್ದರಲ್ಲಿರುವ ಥಯಾಮಿನ್ ಕರುಳಿನಿಂದ ಒಳಗೆ ಹೋಗದಂತೆ ಮದ್ಯವೂ ತಡೆಯುತ್ತದೆ. ದೇಹದಲ್ಲಿ ಅದರ ಸಂಗ್ರಹ ಇರುವುದೇ ಕೆಲವು ವಾರಕ್ಕೆ ಸಾಲುವಷ್ಟು. ಅದು ಮುಗಿದಾಗ ಮೆದುಳಿನ ಒಳಭಾಗದಲ್ಲಿ, ನೆನಪಿಗೆ ಬೇಕಾದ ಕಡೆಗಳಲ್ಲೇ ಜೀವಕೋಶಗಳು ಸಾಯುತ್ತವೆ.

ಈಗ ಪದದ ವಿಷಯ. ಕಾನ್‌ಫ್ಯಾಬ್ಯುಲೇಶನ್ ಪದದೊಳಗಿರುವುದು ಲ್ಯಾಟಿನ್‌ನ ‘ಫಾಬುಲ’, ಅಂದರೆ ಕತೆ. ಮೂಲ ಕ್ರಿಯಾಪದಕ್ಕೆ ಒಟ್ಟಿಗೆ ಕೂತು ಹರಟುವುದು ಎಂಬ ಅರ್ಥ. ಅಲ್ಲಿ ಮೋಸದ ವಾಸನೆಯೇ ಇಲ್ಲ. ನಮ್ಮ ‘ಕಟ್ಟುಕತೆ’ ಹಾಗಲ್ಲ. ಕಟ್ಟುವವನಿಗೆ ತಾನು ಕಟ್ಟುತ್ತಿದ್ದೇನೆ ಅಂತ ಗೊತ್ತಿರುತ್ತದೆ. ‘ತೇಪೆ ನೆನಪು’ ಎಂದು ಗೆಳತಿಯೊಬ್ಬಳು ಸೂಚಿಸಿದಳು. ಹರಿದ ಜಾಗಕ್ಕೆ ಬಟ್ಟೆಯ ತುಂಡು, ಚಿತ್ರವೇನೋ ಸರಿಯಾಗಿದೆ. ಆದರೆ ‘ತೇಪೆ ಹಚ್ಚುವುದು’ ಅಂದರೆ ತಪ್ಪು ಮುಚ್ಚುವುದು ಎಂಬ ಅರ್ಥ ಬಂದುಬಿಟ್ಟಿದೆ. ‘ತುಂಬುನೆನಪು’ ಎಂದರೆ ‘ತುಂಬುಜೀವನ’ದ ಹಾಗೆ ಸಮೃದ್ಧ ನೆನಪು ಎಂದು ಓದುತ್ತಾರೆ.

ನನ್ನ ಮನಸ್ಸು ವಾಲುತ್ತಿರುವುದು ‘ಹುಸಿನೆನಪು’ ಕಡೆಗೆ. ವಚನಗಳ ಕಾಲದಿಂದಲೂ ಹುಸಿ ಅಂದರೆ ಸುಳ್ಳೇ, ಗೊತ್ತು. ಹುಸಿಮುನಿಸು ಕೂಡ ಬೇಕೆಂದೇ ತೋರಿಸುವ ಮುನಿಸು. ಆದರೆ ‘ನಿರೀಕ್ಷೆ ಹುಸಿಯಾಯಿತು’ ಎನ್ನುವಾಗ ಯಾರೂ ಯಾರಿಗೂ ಮೋಸ ಮಾಡಿರುವುದಿಲ್ಲ. ನಿರೀಕ್ಷೆ ಕೈಕೊಟ್ಟಿತು, ಅಷ್ಟೇ. ಆ ಅರ್ಥದಲ್ಲಿ ನೆನಪೂ ಹುಸಿಯಾಗಬಹುದು ಅಲ್ವಾ? ಇದು ನನ್ನ ಕಿವಿಗೆ ಮಾತ್ರ ಹೀಗೆ ಕೇಳುತ್ತಿದೆಯೋ, ನಿಮಗೂ ಹಾಗೆಯೋ ತಿಳಿಸಿ.

ಇದರ ಜೊತೆಗೆ ಇನ್ನು ಕೆಲವು ಪದ ಹೇಗೆ ಇಟ್ಟಿದ್ದೇನೆ ಅಂತಲೂ ನೋಡಿ. ನೆನಪು, ಬುದ್ಧಿ ಕುಂದುವ ಡಿಮೆನ್ಶಿಯಾಗೆ ‘ಅರಳುಮರಳು’ ಪದ ಬಳಸಿಲ್ಲ. ಅದು ಅರವತ್ತಕ್ಕೆ ಅಂಟಿಕೊಂಡ ಪದ, ಈ ಕಾಯಿಲೆ ನಲವತ್ತಕ್ಕೂ ಬರುತ್ತದೆ. ತುಂಬಾ ಕುಡಿಯುವವರು ಒಮ್ಮೆಲೇ ಕುಡಿತ ನಿಲ್ಲಿಸಿದಾಗ ಬರಬಹುದಾದ ನಡುಕ, ಗೊಂದಲದ ಸ್ಥಿತಿಗೆ, ಅಂದರೆ ಡೆಲಿರಿಯಮ್ ಟ್ರೆಮೆನ್ಸ್‌ಗೆ, ‘ನಡುಕಸನ್ನಿ’ ಎಂದಿಟ್ಟಿದ್ದೇನೆ. 1813ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಸಟನ್ ಆ ಹೆಸರು ಕೊಟ್ಟಾಗ ಹೇಳಿದ್ದೂ ಅದನ್ನೇ, ನಡುಗಿಸುವ ಸನ್ನಿ. ದುಶ್ಚಟ, ದುರ್ಬಳಕೆ ಎರಡನ್ನೂ ತೆಗೆದು ಸುಮ್ನೆ ‘ಬಳಕೆ’ ಎಂದು ಬರೆದಿದ್ದೇನೆ. ಅಮೆರಿಕದ ಮನೋವೈದ್ಯರ ಸಂಘವೂ 2013ರ ಕೈಪಿಡಿಯಲ್ಲಿ ‘ದುರ್ಬಳಕೆ’ ಎಂಬ ವಿಂಗಡಣೆಯನ್ನು ಕೈಬಿಟ್ಟಿತು.

‘ಮೆದುಳು ಹಾಳಾಗಿದೆ’ ಎಂದು ಮಾತ್ರ ಎಲ್ಲೂ ಬರೆದಿಲ್ಲ. ಹಾಳಾದದ್ದು ಮತ್ತೆ ಬರುವುದಿಲ್ಲ ಅಂತ ಮನೆಯವರು ಕೈಚೆಲ್ಲುತ್ತಾರೆ. ಕುಡಿತದಿಂದ ಕುಗ್ಗಿದ ಮೆದುಳು, ಕುಡಿತ ಬಿಟ್ಟ ಕೆಲವು ತಿಂಗಳಲ್ಲಿ ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳುತ್ತದೆ. ಅದಕ್ಕೆ ‘ಸೊರಗಿದೆ’ ಎಂದಿದ್ದೇನೆ. ಸೊರಗಿದ ಗಿಡಕ್ಕೆ ನೀರು ಹಾಕುತ್ತೇವಲ್ಲ, ಹಾಗೆ. ಸತ್ತ ಜೀವಕೋಶಗಳ ವಿಷಯ ಬಂದಾಗ ‘ಸತ್ತಿವೆ’ ಎಂದೇ ಬರೆದಿದ್ದೇನೆ. ಮಾದಕ ವಸ್ತುಗಳ ವಿಷಯಕ್ಕೆ ‘ಸೊರಗು’ ಸಾಲದು. ಹೆರಾಯಿನ್ ಅತಿಯಾದಾಗ ಉಸಿರು ನಿಧಾನವಾಗಿ ಮೆದುಳಿಗೆ ಆಮ್ಲಜನಕ ಸಿಗುವುದಿಲ್ಲ. ಕೊಕೇನ್ ರಕ್ತನಾಳಗಳನ್ನು ಬಿಗಿದು ಲಕ್ವ ತರಬಲ್ಲದು. ಥಿನ್ನರ್, ಅಂಟಿನ ಆವಿ ವರ್ಷಗಟ್ಟಲೆ ಎಳೆದರೆ ಅದರಲ್ಲಿರುವ ಟಾಲ್ವೀನ್ ನರತಂತುಗಳ ಹೊದಿಕೆಯನ್ನೇ ಕೆಡಿಸುತ್ತದೆ. ಇವನ್ನೆಲ್ಲ ಬೇರೆಬೇರೆಯಾಗಿಯೇ ಹೇಳಿದ್ದೇನೆ.

‘ತೂರಾಡು’ ಪದದ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು. ಈ ಪದ ಕಿವಿಗೆ ಬಿದ್ದ ಕೂಡಲೇ ಕುಡಿದಿದ್ದಾನೆ ಅಂತ ತೀರ್ಮಾನ ಆಗಿಬಿಡುತ್ತದೆ. ವೆರ್ನಿಕೆ ಹೇಳಿದ ಹಂತದಲ್ಲೂ ಹೆಜ್ಜೆ ತಪ್ಪುತ್ತದೆ, ಮಾತು ಗೊಂದಲವಾಗುತ್ತದೆ, ಕಣ್ಣುಗುಡ್ಡೆ ಸರಿಯಾಗಿ ಹೊರಳುವುದಿಲ್ಲ. ಮೂರೂ ಒಟ್ಟಿಗೆ ಕಾಣಲೇಬೇಕೆಂದೂ ಇಲ್ಲ. ಆಗ ತಕ್ಷಣ ಆಸ್ಪತ್ರೆಗೆ ಹೋಗಿ ಥಯಾಮಿನ್ ಇಂಜೆಕ್ಷನ್ ಕೊಡಿಸಬೇಕು. ಮಲಗಿದರೆ ಸರಿಹೋಗುತ್ತಾನೆ ಅಂತ ಬಿಟ್ಟರೆ ಆ ಹೊತ್ತು ಕೈತಪ್ಪುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ. ಹಾಗಾಗಿ ಇಲ್ಲಿ ‘ಹೆಜ್ಜೆ ನಿಲ್ಲದಿರುವುದು’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೂ ಇರಲಿ ಅನಿಸುತ್ತದೆ.

ಮತ್ತೆ ಹುಸಿನೆನಪಿಗೆ ಬರುತ್ತೇನೆ. ಹೆಸರೊಂದು ಸಿಕ್ಕರೆ ಸಾಲದು, ಮನೆಮಾತಿಗೆ ಕ್ರಿಯಾಪದವೂ ಬೇಕು. ‘ಅಪ್ಪ ಸುಳ್ಳು ಹೇಳ್ತಿದ್ದಾರೆ’ ಎನ್ನುವ ಕಡೆ ಮಗಳು ಏನೆನ್ನಬೇಕು? ‘ಅಪ್ಪನಿಗೆ ನೆನಪು ಹುಸಿ ಹೋಗ್ತಿದೆ’ ಅಂದರೆ ಸಹಜವಾಗಿ ಕೇಳಿಸುತ್ತದೆಯೇ? ‘ಅಪ್ಪನಿಗೆ’ ಎಂದಾಗ ಅದು ಅವರಿಗೆ ಆಗುತ್ತಿರುವುದು, ಅವರು ಮಾಡುತ್ತಿರುವುದಲ್ಲ. ನಿಮ್ಮ ಕಡೆಯ ಮಾತಿನಲ್ಲಿ ಇದಕ್ಕಿಂತ ಒಳ್ಳೆಯದು ಇದ್ದರೆ ದಯವಿಟ್ಟು ಬರೆಯಿರಿ. ಆಡುಮಾತಾದರೂ ಸರಿ.