ಅಮ್ಮನ ಹಲ್ಲುಸೆಟ್: ಮೊದಲು ಬಾಯಿ ತುಂಬ ಜೊಲ್ಲು, ಈಗ ಒಣಗಿ ಮೇಲಿನದು ಜಾರುತ್ತಿದೆ

ಗೋಣಿಕೊಪ್ಪ_ತೋಟ:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 71. ಬೇಸಿಗೆಯಲ್ಲಿ ಮೇಲೆ ಕೆಳಗೆ ಎರಡೂ ಫುಲ್ ಸೆಟ್ ಹಾಕಿಸಿದೆವು. ಶುರುವಿನಲ್ಲಿ ಜೊಲ್ಲು ಎಷ್ಟು ಅಂದರೆ, ಕರ್ಚೀಫು ಹಿಡಿದೇ ಮಾತಾಡುತ್ತಿದ್ದರು. ಅದು ತಾನಾಗಿ ಕಡಿಮೆಯಾಯಿತು. ಮಳೆ ಹಿಡಿದ ಮೇಲೆ ಉಲ್ಟಾ. ಬಾಯಿ ಒಣಗುತ್ತದೆ, ನಾಲಿಗೆ ಉರಿ, ಅಕ್ಕಿ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಮಾತಿನ ಮಧ್ಯೆ ಮೇಲಿನ ಸೆಟ್ ಟಕ್ ಅಂತ ಬೀಳುತ್ತದೆ. ಅಳತೆ ತಪ್ಪಿದೆ ಅಂತ ಅಮ್ಮನ ವಾದ. ಬಿಪಿ ಮಾತ್ರೆ ಮೊದಲಿಂದಲೂ ಇದೆ. ಈಗ ಥಂಡಿಗೆ ಮೂಗು ಸೋರುತ್ತದೆ ಅಂತ ದಿನಾ ರಾತ್ರಿ ಸೆಟ್ರಿಜಿನ್ ಬೇರೆ. ಹೊಸ ಸೆಟ್ ಮಾಡಿಸಬೇಕಾ?

ಮಡಿಕೇರಿ_ಮಳೆ:
ಮೆಡಿಕಲ್‌ನಲ್ಲಿ ಸೆಟ್ ಅಂಟಿಸುವ ಪೇಸ್ಟ್ ಸಿಗುತ್ತೆ ಅಣ್ಣ. ನಮ್ಮ ಮಾವ ಅದನ್ನೇ ಹಚ್ಚಿಕೊಂಡು ಮದುವೆಮನೆಯಲ್ಲಿ ಪಂದಿಕರಿ ಮುಗಿಸಿ ಬರ್ತಾರೆ.

ಸೆಟ್_ಕೆಲಸ_ಕುಶಾಲನಗರ:
ಪೇಸ್ಟ್ ಆಮೇಲೆ ನೋಡೋಣ. ಒಣ ಬಾಯಲ್ಲಿ ಅದೂ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೂ ತೇವ ಬೇಕು.

ಶುರುವಿನ ಜೊಲ್ಲು ಎಲ್ಲರಿಗೂ ಬರುವುದೇ. ಬಾಯಿಗೆ ಹೊಸ ಸೆಟ್ಟೂ ಒಂದೇ, ದೊಡ್ಡ ತುತ್ತೂ ಒಂದೇ. ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಅಭ್ಯಾಸವಾಗುತ್ತದೆ.

ಈಗಿನದು ಬೇರೆ. ಮೇಲಿನ ಸೆಟ್ ನಿಲ್ಲುವುದೇ ಅಂಗುಳಕ್ಕೂ ಪ್ಲೇಟಿಗೂ ನಡುವಿನ ತೆಳು ಜೊಲ್ಲಿನ ಪದರದಿಂದ. ಒದ್ದೆ ಗಾಜಿನ ಎರಡು ಹಾಳೆ ಕಚ್ಚಿಕೊಳ್ಳುತ್ತವಲ್ಲ, ಹಾಗೆ. ಜೊಲ್ಲು ಒಣಗಿದರೆ ಹಿಡಿತ ಹೋಗುತ್ತದೆ, ಪ್ಲೇಟ್ ಉಜ್ಜಿ ಹುಣ್ಣೂ ಆಗುತ್ತದೆ. ಸೆಟ್ರಿಜಿನ್ ಜಾತಿಯ ಅಲರ್ಜಿ ಮಾತ್ರೆಗಳು ಬಾಯಿ ಒಣಗಿಸುತ್ತವೆ, ಕೆಲವು ಬಿಪಿ ಮಾತ್ರೆಗಳೂ ಅಷ್ಟೇ. ಶುಗರ್ ಇದ್ದರೂ ಹೀಗಾಗಬಹುದು. ಮೇಲಾಗಿ ನಮ್ಮ ಕಡೆ ಮಳೆಗಾಲದಲ್ಲಿ ನೀರು ಯಾರು ಕುಡೀತಾರೆ? ಬೆಲ್ಲದ ಕಾಫಿಯಲ್ಲೇ ದಿನ ಕಳೆಯುತ್ತದೆ.

ಒಂದು ಪರೀಕ್ಷೆ ಮಾಡಿ. ಬಾಯಿ ಮುಕ್ಕಳಿಸಿ, ಸೆಟ್ಟನ್ನು ಒದ್ದೆ ಮಾಡಿ ಹಾಕಿಸಿ. ಆಗ ಗಟ್ಟಿ ನಿಂತು, ಸ್ವಲ್ಪ ಹೊತ್ತಿಗೆ ಸಡಿಲವಾದರೆ ಒಣಗುವುದೇ ಕಾರಣ ಇರಬೇಕು. ಒದ್ದೆ ಇದ್ದಾಗಲೂ ಜಾರಿದರೆ ಅಳತೆ. ಹಲ್ಲು ಕಿತ್ತ ಮೊದಲ ವರ್ಷ ಮೂಳೆ ಜಾಸ್ತಿ ಕರಗುತ್ತದೆ, ಆಗಲೂ ರೀಲೈನ್ ಮಾಡಿದರೆ, ಅಂದರೆ ಸೆಟ್ಟಿನ ಒಳಮೈಗೆ ಹೊಸ ಪದರ ಕೊಟ್ಟು ಬಾಯಿಗೆ ಕೂರಿಸಿದರೆ, ಸಾಕಾಗಬಹುದು. ದಯವಿಟ್ಟು ಮನೆಯಲ್ಲಿ ಉಪ್ಪುಕಾಗದ ಹಿಡಿದು ಉಜ್ಜಬೇಡಿ! ಹಾಗೆ ಉಜ್ಜಿದ ಸೆಟ್ಟುಗಳು ನಮ್ಮ ಮೇಜಿಗೆ ಬರುತ್ತಲೇ ಇರುತ್ತವೆ.

ರಾತ್ರಿ ತೆಗೆದು ಮಲಗುತ್ತಾರಾ?

ಗೋಣಿಕೊಪ್ಪ_ತೋಟ:
ಇಲ್ಲ. ಹಲ್ಲಿಲ್ಲದ ಮುಖ ಮೊಮ್ಮಕ್ಕಳು ನೋಡಬಾರದಂತೆ. ಇವತ್ತು ತೆಗೆಸಿ ಟಾರ್ಚ್ ಹಾಕಿ ನೋಡಿದೆ. ಅಂಗುಳದ ಮೇಲೆ ಪ್ಲೇಟಿನ ಆಕಾರಕ್ಕೇ ಕೆಂಪಗಾಗಿದೆ, ಅಂಚು ಗೆರೆ ಎಳೆದ ಹಾಗೆ. ಒದ್ದೆ ಮಾಡಿ ಹಾಕಿದರೆ ಚೆನ್ನಾಗೇ ನಿಲ್ಲುತ್ತದೆ.

ಸೆಟ್_ಕೆಲಸ_ಕುಶಾಲನಗರ:
ಆ ಕೆಂಪು ಫಂಗಸ್ ಇರಬಹುದು. ನಿದ್ದೆಯಲ್ಲಿ ಜೊಲ್ಲು ಮೊದಲೇ ಕಡಿಮೆ, ಪ್ಲೇಟಿನಡಿ ಅದು ಬೆಳೆಯಲು ಸುಲಭ. ಡಾಕ್ಟರ್ ಹತ್ತಿರ ತೋರಿಸಲೇಬೇಕು. ವಿರಾಜಪೇಟೆಯ ದಂತ ಕಾಲೇಜು ನಿಮಗೆ ಹತ್ತಿರವೇ ಅಲ್ವಾ? ಬಾಯಿಗೆ ಮಾತ್ರ ಔಷಧಿ ಹಚ್ಚಿ ಸೆಟ್ ತೊಳೆಯದಿದ್ದರೆ ಮತ್ತೆ ಬರುತ್ತದೆ.

ದಿನಾ ರಾತ್ರಿ ತೆಗೆದು, ಮೆತ್ತನೆ ಬ್ರಷ್ಷಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಉಜ್ಜಿ, ತಣ್ಣೀರಲ್ಲಿ ಇಡಿ. ಕೆಳಗೆ ಟವೆಲ್ ಹಾಸಿಕೊಳ್ಳಿ, ಜಾರಿ ಬಿದ್ದರೆ ಒಡೆಯುತ್ತದೆ. ಹಂಡೆಯ ಬಿಸಿನೀರು ಬೇಡ, ಸೆಟ್ ಸೊಟ್ಟಗಾಗುತ್ತದೆ. ಟೂತ್‌ಪೇಸ್ಟೂ ಬೇಡ, ಗೀರು ಬೀಳುತ್ತದೆ.

ಬಿಪಿ ಮಾತ್ರೆ ನೀವೇ ನಿಲ್ಲಿಸಬೇಡಿ. ಬಾಯಿ ಒಣಗುತ್ತದೆ ಅಂತ ಅದನ್ನು ಬರೆದುಕೊಟ್ಟವರಿಗೇ ಹೇಳಿ, ಸೆಟ್ರಿಜಿನ್ ಬೇಕೇ ಬೇಕಾ ಅಂತಲೂ ಕೇಳಿ.

ಸೋಮವಾರಪೇಟೆ_ಅಕ್ಕ:
ಬಾಯಿ ಉರಿ ಹೋಗುವವರೆಗೆ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಹಾಕಿದ ಸಾರು ಬೇಡಪ್ಪ. ಕಡಂಬುಟ್ಟನ್ನು (ಅಕ್ಕಿತರಿಯ ಉಂಡೆ ಕಡುಬು) ಸಣ್ಣಗೆ ಮುರಿದು, ಗ್ರೇವಿಯಲ್ಲಿ ನೆನೆಸಿ ಕೊಡಿ. ಎರಡೂ ಕಡೆ ಸಮವಾಗಿ ಅಗಿಯಲು ಹೇಳಿ, ಒಂದೇ ಕಡೆ ಅಗಿದರೆ ಸೆಟ್ ಮೇಲೇಳುತ್ತದೆ. ಮೊಮ್ಮಕ್ಕಳ ವಿಷಯಕ್ಕೆ, ಡಬ್ಬಿ ಅಮ್ಮನ ಮಂಚದ ಪಕ್ಕದಲ್ಲೇ ಇರಲಿ. ದೀಪ ಆರಿಸಿದ ಮೇಲೆ ತೆಗೆದರೆ ಯಾರಿಗೆ ಕಾಣುತ್ತದೆ?