‘ಮೆಲನಿಸಂ’ಗೆ ಕನ್ನಡದಾಗ ಏನನ್ನೋಣ? ಹುಳ ಕರ್ರಗ ಹುಟ್ಟೋದು ಬೇರೆ, ಕರ್ರಗ ಆಗೋದು ಬೇರೆ

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ್ರಿ. ಇಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಹೇಳ್ತೀನಿ, ವಿಕಾಸದ ಪಾಠಕ್ಕ ಕನ್ನಡದಾಗ ನೋಟ್ಸ್ ಬರಿಲಿಕತ್ತೀನಿ, ಮೆಲನಿಸಂ, ಫಿಟ್ನೆಸ್ ಅನ್ನೋ ಎರಡು ಪದದ ಹತ್ರ ಎಂಟು ದಿನದಿಂದ ಸಿಕ್ಕೊಂಡೀನಿ. ಹುಳ, ಪತಂಗ, ಚಿಟ್ಟಿ ಇವುಗಳ ಮೈಯಾಗ ಮೆಲನಿನ್ ಅನ್ನೋ ಬಣ್ಣದ ವಸ್ತು ಜಾಸ್ತಿ ಕೂಡಿ ಕಪ್ಪು ಬಣ್ಣ ಬರ್ತದಲ್ರಿ, ಇಂಗ್ಲಿಷಿನಾಗ ಅದಕ್ಕ ಮೆಲನಿಸಂ ಅಂತಾರ. ‘ಕೃಷ್ಣವರ್ಣತೆ’ ಅಂತ ಬರೀಬಹುದು, ಆದ್ರ ಅದು ಮಕ್ಕಳ ಬಾಯಾಗ ತಿರುಗಂಗಿಲ್ಲ. ನಾನು ಸೀದಾ ‘ಕಪ್ಪಾಗುವಿಕೆ’ ಅಂತ ಬರ್ದು ಪಾಠ ಮಾಡ್ದೆ, ತೊಡಕು ಅಲ್ಲೇ ಶುರು ಆಯ್ತು.

ಇಂಗ್ಲೆಂಡಿನ ಚುಕ್ಕಿ ಪತಂಗದ ಕಥಿ ಹೇಳ್ಲಿಕತ್ತಿದ್ದೆ, ಬಿಸ್ಟನ್ ಬೆಟುಲೇರಿಯ ಅಂತಾರಲ್ಲ ಅದು. ಬಿಳಿ ರೆಕ್ಕಿ ಮ್ಯಾಲ ಕರಿ ಚುಕ್ಕಿ, ಹಗಲೆಲ್ಲ ಗಿಡದ ಟೊಂಗಿಗಿ ಅಂಟಿ ಕುಂತಿರ್ತದ. 1848ರಾಗ ಮ್ಯಾಂಚೆಸ್ಟರ್ ಹತ್ರ ಪೂರ್ತಿ ಕರ್ರಗಿಂದು ಒಂದು ಸಿಕ್ತು, 1895ರ ಹೊತ್ತಿಗೆ ಅಲ್ಲಿ ನೂರಕ್ಕ 98 ಕರೀವೇ. ಫ್ಯಾಕ್ಟರಿ ಮಸಿಗಿ ಗಿಡದ ತೊಗಟಿ ಕಪ್ಪಿಟ್ಟಿತ್ತು, ಬಿಳೇವು ಹಕ್ಕಿ ಕಣ್ಣಿಗಿ ಬಿದ್ದು ಹೋದ್ವು, ಕರೀವು ಉಳ್ದ್ವು, ಅಂತ ಹೇಳಿ ‘ಹಿಂಗ ಪತಂಗಗಳು ಕಪ್ಪಾದವು’ ಅಂತ ಬೋರ್ಡ್ ಮ್ಯಾಲ ಬರ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು ಕೇಳ್ದ, “ಅಂದ್ರ ಹೊಗಿ ಮೈಗಿ ಹತ್ತಿ ಕರ್ರಗಾದ್ವೇನ್ರಿ ಸರ್, ನಮ್ಮನಿ ಒಲಿ ಹಿಂದಿನ ಗ್ವಾಡಿ ಹಂಗ?” ಸಿಮೆಂಟ್ ಫ್ಯಾಕ್ಟರಿ ಇರೋ ಊರಿನ ಹುಡುಗಿ ಒಬ್ಬಾಕಿ, “ನಮ್ಮ ಕಡಿ ಧೂಳಿಗಿ ಗಿಡ ಎಲ್ಲಾ ಬೆಳ್ಳಗ ಆಗ್ಯಾವ, ಹಂಗಾದ್ರ ನಮ್ಮ ಹುಳ ಬೆಳ್ಳಗಾಗ್ಬೇಕಲ್ರಿ” ಅಂದ್ಲು. ಭಾಳ ಒಳ್ಳೆ ಪ್ರಶ್ನಿ ಎರಡೂ. ತಪ್ಪು ಮಕ್ಕಳದಲ್ಲ, ನಾನು ಬರ್ದ ಕ್ರಿಯಾಪದದ್ದು. ‘ಕಪ್ಪಾದವು’ ಅಂದ್ರ ಕನ್ನಡದ ಕಿವಿಗಿ ಮೊದಲು ಬೆಳ್ಳಗಿದ್ದದ್ದು ಆಮೇಲೆ ಕರ್ರಗಾಯ್ತು ಅಂತೇ ಕೇಳಿಸ್ತದ, ಬಾಳೆಹಣ್ಣು ಕಪ್ಪಾಯ್ತು, ಬೆಳ್ಳಿ ಕಾಲ್ಗೆಜ್ಜಿ ಕಪ್ಪಾಯ್ತು ಅಂದಂಗ. ಅಲ್ಲಿ ಒಂದು ಪತಂಗನೂ ಬಣ್ಣ ಬದಲಿಸಿಲ್ಲ! ಕರೀದು ಹುಟ್ಟತಲೇ ಕರೀದು, ಅದರ ಮಕ್ಕಳು ಉಳ್ದ್ವು, ಅಷ್ಟೇ. 2016ರಾಗ ಅದರ ಮೂಲನೂ ಸಿಕ್ತು, ಸುಮಾರು 22,000 ಅಕ್ಷರದ ಒಂದು ಜಿಗಿಯೋ ಡಿಎನ್‌ಎ ತುಂಡು ಕಾರ್ಟೆಕ್ಸ್ ಅನ್ನೋ ಜೀನಿನೊಳಗ ಹೊಕ್ಕು ಕುಂತದ. ಮುಂದ ಗಾಳಿ ಸ್ವಚ್ಛ ಆದಮ್ಯಾಲ ಆಟ ತಿರುಗಿತು, ಮೈಕೆಲ್ ಮಜೆರಸ್ ಅನ್ನೋ ವಿಜ್ಞಾನಿ ಕೇಂಬ್ರಿಡ್ಜ್ ಹತ್ರ ಆರು ವರ್ಷ ಕುಂತು 4,864 ಪತಂಗ ಬಿಟ್ಟು ನೋಡಿದ್ರು, ಅಲ್ಲಿ ಹಕ್ಕಿ ಜಾಸ್ತಿ ತಿಂದದ್ದು ಕರೀವನ್ನ.

ಇದು ಒಂದು ತರಹ. ಇನ್ನೊಂದರಾಗ ನೋಡ್ರಿ, ಹುಳ ನಿಜವಾಗ್ಲೂ ಕಪ್ಪಾಗ್ತದ. ಜೋಳಕ್ಕ ಬೀಳೋ ಸೈನಿಕ ಹುಳ ಒಂದೊಂದೇ ಇದ್ರ ತಿಳಿ ಬಣ್ಣ, ಗುಂಪು ಗುಂಪಾಗಿ ಬೆಳದ್ರ ಮೈ ಕರ್ರಗ, ಅವೇ ಮೊಟ್ಟಿ, ಅದೇ ತಾಯಿ ಇದ್ರೂ. ಮರುಭೂಮಿ ಮಿಡತೀನೂ ಹಂಗೇ, ಒಂಟಿ ಇದ್ದಾಗ ಮರಿ ಹಸಿರು, ಗುಂಪು ಕೂಡಿದ್ರ ಹಳದಿ-ಕಪ್ಪು. ಆಫ್ರಿಕಾದ ಸೈನಿಕ ಹುಳದ ಮ್ಯಾಲ ಮಾಡಿದ ಕೆಲಸದಾಗ ಈ ಕರಿ ಹುಳ ವೈರಸ್ಸು ಬೂಷ್ಟು ಎರಡನ್ನೂ ಚಲೋ ತಡೀತಾವ ಅಂತ ಕಂಡದ. ಸಂತಿ ನೆರದ ಕಡಿ ರೋಗ ಹರಡೋದು ಜಾಸ್ತಿ, ಅದಕ್ಕ ಮೈ ಮೊದಲೇ ತಯಾರಿ ಮಾಡ್ಕೋತದ. ಇಲ್ಲಿ ‘ಕಪ್ಪಾಗು’ ಸರಿ ಹೊಂದ್ತದ, ಆದ್ರ ಮ್ಯಾಲಿನದಕ್ಕೂ ಇದಕ್ಕೂ ಒಂದೇ ಪದ ಇಟ್ರ ಮಕ್ಕಳಿಗಿ ಮತ್ತ ಅದೇ ಗೊಂದಲ.

ನಾನು ಜೋಡಿಸಿದ ಪದ ಹೇಳ್ತೀನಿ, ತಿದ್ದರಿ. ಹುಟ್ಟಿನಿಂದ ಬಂದದ್ದಕ್ಕ ಮೊದಲು ‘ಕರಿಮೆ’ ಅಂದೆ, ಹಿರಿಮೆ ಕಿರಿಮೆ ಹಂಗ, ಆದ್ರ ಹುಟ್ಟು ಸೇರಿಸಿದ್ರ ಸಂಧಿಯಾಗಿ ‘ಹುಟ್ಟುಗರಿಮೆ’ ಆಗ್ತದ, ಗರಿಮೆ ಅಂದ್ರ ದೊಡ್ಡಸ್ತಿಕಿ, ಅರ್ಥ ಕೆಟ್ಟು ಹೋಗ್ತದ. ಆಮೇಲೆ ‘ಹುಟ್ಟುಕಪ್ಪು’ ಅಂದೆ, ಹುಟ್ಟುಕುರುಡ ಅನ್ನೋದರಾಗ ಸಂಧಿ ಇಲ್ಲದೇ ನಡೀತದಲ್ಲ ಅದರ ಮ್ಯಾಲಿಂದ, ಇದು ನನಗ ಒಪ್ಪಿಗಿ ಆಗ್ಯಾದ. ಗುಂಪಿನಾಗ ಬರೋ ಕಪ್ಪಿಗೆ ‘ಕಪ್ಪೇರಿಕೆ’, ಮುಖ ಕೆಂಪೇರ್ತು ಅಂತೀವಲ್ರಿ ಹಂಗ, ಏರೋದು ಅಂದ್ರ ಕಾರಣ ಇದ್ದಾಗ ಏರ್ತದ ಅನ್ನೋದೂ ಒಳಗೇ ಬಂತು. ಮೂರನೇದೂ ಒಂದು ಅದ, ಕಣಜ ಬಂದು ಬ್ಯಾರೆ ಹುಳದ ಮೈಯೊಳಗ ತನ್ನ ಮೊಟ್ಟಿ ಇಟ್ಟಾಗ ಆ ಹುಳದ ರಕ್ತದ ಕಣ ಮೊಟ್ಟಿ ಸುತ್ತ ಮುತ್ತಿ, ಫಿನಾಲ್‌ಆಕ್ಸಿಡೇಸ್ ಅನ್ನೋ ಕಿಣ್ವದಿಂದ ಮೆಲನಿನ್ ತಯಾರಾಗಿ ಮೊಟ್ಟಿ ಕರಿ ಗಂಟಾಗಿ ಸಾಯ್ತದ. ಹೆಪ್ಪುಗಟ್ಟು ಇದ್ದಂಗ ಅದಕ್ಕ ‘ಕಪ್ಪುಗಟ್ಟು’ ಅಂದ್ರ ಹ್ಯಾಂಗ?

ಇನ್ನ ವಿಕಾಸದ ಪಾಠದಾಗ ಬರೋ ‘ಫಿಟ್ನೆಸ್’, ಅಂದ್ರ ಒಂದು ಜೀವಿ ಬದುಕಿ ಉಳ್ದು ಎಷ್ಟು ಮರಿ ಬಿಟ್ಟು ಹೋಗ್ತದ ಅನ್ನೋದು. ಇದಕ್ಕ ‘ಸಾಮರ್ಥ್ಯ’ ಅಂತ ಬರದ್ರ ಪೂರಾ ದಾರಿ ತಪ್ತದ ಅಂತ ನನ್ನ ಖಾತ್ರಿ. ನಮ್ಮ ತೊಗರಿ ಕಾಯಿಕೊರಕನ್ನೇ ತಗೋರಿ, ಹೆಲಿಕೋವರ್ಪಾ. ಪ್ರಯೋಗಾಲಯದಾಗ ಸಾಕಿದ ಅದರ ಹುಟ್ಟುಕಪ್ಪು ತಳಿ ಸಾದಾ ತಳಿಗಿಂತ ನಿಧಾನ ಬೆಳೀತದ, ಪ್ಯೂಪಾ ತೂಕ ಕಮ್ಮಿ, ಗಂಡು-ಹೆಣ್ಣು ಕೂಡೋದು ಕಮ್ಮಿ, ಮೊಟ್ಟಿನೂ ಕಮ್ಮಿ. ಅದೇ ಯುರೋಪಿನ ಎರಡು ಚುಕ್ಕಿ ಗುಲಗಂಜಿ ಹುಳದಾಗ ಕರೀವು ಎಳೆ ಬಿಸಲಿಗೇ ಬೇಗ ಬಿಸಿಯೇರಿ ಥಂಡಿ ದಿನದಾಗ ಕೆಂಪಿನವಕ್ಕಿಂತ ಮೊದಲು ಓಡಾಡ್ತಾವ. ಅಂದ್ರ ಕಪ್ಪು ಅನ್ನೋದು ಒಂದು ಕಡಿ ಲಾಭ, ಇನ್ನೊಂದು ಕಡಿ ನುಕ್ಸಾನ. ಇದನ್ನ ನಮ್ಮ ಕಾಕಾಗ ಹೇಳ್ಲಿಕತ್ತಿದ್ದೆ, ಅವರದು ಚಿಂಚೋಳಿ ಕಡಿ ತೊಗರಿ ಹೊಲ, ಗಿಡ ಝಾಡಿಸಿ ಚಾದರದ ಮ್ಯಾಲ ಹುಳ ಕೆಡವಿ ಕೆಡವಿ ರಟ್ಟಿ ಸೋತ ಮನಷ್ಯಾ. ಅಷ್ಟೂ ಕೇಳಿ “ಹಂಗಾರ ಅದಕ್ಕ ತಾಕತ್ತು ಅದನೋ ಇಲ್ಲೋ, ಬರಕತ್ತಂತೂ ಇಲ್ಲ ಬಿಡು” ಅಂದ್ರು. ನಾನು ಎಂಟು ದಿನ ಹುಡುಕಿದ ಪದ ಅದೇ ಇತ್ತು ನೋಡ್ರಿ. ನಮ್ಮ ಕಡಿ ಬರಕತ್ತು ಅಂದ್ರ ಬರೇ ಬಲ ಅಲ್ಲ, ಕೈ ಹತ್ತೋದು, ಒಂದು ಹತ್ತಾಗೋದು. ಬದುಕಿ ಉಳ್ದು ಮುಂದಿನ ಪೀಳಿಗಿಗಿ ಎಷ್ಟು ಬಿಟ್ಟು ಹೋಗ್ತದ ಅನ್ನೋ ಲೆಕ್ಕಕ್ಕ ಇದಕ್ಕಿಂತ ಹತ್ರದ ಪದ ನನಗ ಸಿಕ್ಕಿಲ್ಲ. ಪಠ್ಯದಾಗ ಬರೀಲಿಕ್ಕ ಬರ್ತದೇನು, ಮೈಸೂರು ಮಂಗಳೂರು ಕಡಿಯವರಿಗಿ ತಿಳೀತದೇನು ಹೇಳ್ರಿ. ಉರ್ದುದಿಂದ ಬಂದದ ಅನ್ನೋ ಒಂದೇ ಕಾರಣಕ್ಕ ಬ್ಯಾಡ ಅನ್ನಬ್ಯಾಡ್ರಿ.

ಬೀದರಿನವರಿಗಿ ಒಂದು ಬ್ಯಾರೆ ಕೇಳೂದದ. ಬಿದರಿ ಸಾಮಾನು ಕೊನಿಗಿ ಬೀದರ್ ಕೋಟೆಯ ಮಣ್ಣು, ನವಸಾಗರ ಕೂಡಿಸಿ ಕರ್ರಗ ಮಾಡ್ತಾರಲ್ರಿ, ಲೋಹ ಕಪ್ಪಾಗ್ತದ ಬೆಳ್ಳಿ ಹಂಗೇ ಉಳೀತದ, ಆ ಕೆಲಸಕ್ಕ ಕುಶಲಕರ್ಮಿಗಳು ಬಾಯಿ ಮಾತಿನಾಗ ಏನಂತಾರ? ಹೊರಗಿಂದ ಕೊಟ್ಟ ಕಪ್ಪಿಗೆ ಅವರ ಹತ್ರ ಪದ ಇದ್ರ, ಹೊಗಿ ಹತ್ತಿದ ಗ್ವಾಡಿಗೂ ಪತಂಗಕ್ಕೂ ಫರಕ್ ತೋರಿಸ್ಲಿಕ್ಕ ಅದನ್ನೇ ತಗೋತೀನಿ. ಯಾದಗಿರಿ, ಶಹಾಪುರ ಕಡಿ ಗುಂಪಿನಾಗಿನ ಕರಿ ಹುಳಕ್ಕ ರೈತರು ಬ್ಯಾರೆ ಹೆಸರು ಇಟ್ಟಿದ್ರ ಅದನ್ನೂ ಬರೀರಿ. ಸೋಮವಾರ ನೋಟ್ಸ್ ಝೆರಾಕ್ಸಿಗೆ ಕೊಡ್ಬೇಕು, ಅದರ ಒಳಗ ಉತ್ತರ ಬಂದ್ರ ಭಾಳ ಉಪಕಾರ ಆಗ್ತದ.