ವೃದ್ಧಾಶ್ರಮದ ಬೋರ್ಡಿಗೆ ಪದ ಬೇಕು: ‘ಅಬ್ಯೂಸ್’, ‘ನೆಗ್ಲೆಕ್ಟ್’

ಗೆಳೆಯರೇ,

ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾರೆ. ಮೈಸೂರಿನ ಒಂದು ವೃದ್ಧಾಶ್ರಮದ ಊಟದ ಹಾಲಿನಲ್ಲಿ ಬೋರ್ಡ್ ಬರೆಸಬೇಕು. ಅಲ್ಲಿರುವವರ ಹಕ್ಕುಗಳೇನು, ತೊಂದರೆಯಾದರೆ ಯಾರಿಗೆ ಹೇಳಬೇಕು, ಇಷ್ಟೇ ವಿಷಯ. ಇಂಗ್ಲಿಷ್ ಕರಡಿನಲ್ಲಿ ‘ನರ್ಸಿಂಗ್ ಹೋಂ’ ಎಂದಿದೆ. ನಮ್ಮೂರಿನಲ್ಲಿ ಹಾಗಂದರೆ ಹೆರಿಗೆ ಆಸ್ಪತ್ರೆ ಅಂದುಕೊಳ್ಳುತ್ತಾರೆ, ಅದನ್ನು ಬಿಟ್ಟೆ. ಸಿಕ್ಕಿಕೊಂಡಿರುವುದು ‘ಅಬ್ಯೂಸ್’, ‘ನೆಗ್ಲೆಕ್ಟ್’ ಹತ್ತಿರ. ‘ದೌರ್ಜನ್ಯ’, ‘ನಿರ್ಲಕ್ಷ್ಯ’ ಎಂದು ಬರೆದೆ. ಸಮಾಧಾನವಾಗಲಿಲ್ಲ.

ಹೋದ ವರ್ಷ ನಮ್ಮ ದೊಡ್ಡಮ್ಮ ಬೇರೊಂದು ಆಶ್ರಮದಲ್ಲಿದ್ದರು. ‘ದೌರ್ಜನ್ಯ ಏನಾದ್ರೂ ಮಾಡ್ತಾರಾ?’ ಎಂದು ಕೇಳಿದೆ. ‘ಇಲ್ಲ ಕಣಮ್ಮ, ಯಾರೂ ಹೊಡೆದಿಲ್ಲ’ ಎಂದರು. ‘ರಾತ್ರಿ ಕೂಗಿದ್ರೆ ಬರ್ತಾರಾ?’ ಎಂದಾಗ ಗೋಡೆ ಕಡೆ ತಿರುಗಿಕೊಂಡು ಅತ್ತರು. ಮಲಗಿ ಮಲಗಿ ಬೆನ್ನಿನ ಕೆಳಗೆ ಹುಣ್ಣಾಗಿತ್ತು. ಇಂಥವರಿಗೆ ತಟ್ಟುವ ಪದ ಹೇಳಿ.

ಮರು (ಮಂಡ್ಯದಿಂದ):

‘ನಿರ್ಲಕ್ಷ್ಯ’ ಬೇಡವೇ ಬೇಡ. ಲಕ್ಷ್ಯ ಎಂದರೆ ಗುರಿ. ಗುರಿ ಇಲ್ಲದ್ದು ಎಂದು ಬೋರ್ಡ್ ಹಾಕುತ್ತೀರಾ? ‘ಕಡೆಗಣಿಕೆ’ ಎಂದು ಬರೆಯಿರಿ. ಕಡೆಗಣ್ + ಇಸು. ಕಣ್ಣಂಚಿನಲ್ಲಿ ನೋಡಿ ಸುಮ್ಮನೆ ಮುಂದೆ ಹೋಗುವುದು. ಆಗುತ್ತಿರುವುದು ಅದೇ ಅಲ್ವಾ? ‘ಅಬ್ಯೂಸ್’ಗೆ ‘ಕಾಟ’. ನೋಡು-ನೋಟ, ಓಡು-ಓಟ, ಕಾಡು-ಕಾಟ. ‘ವೃದ್ಧಾಶ್ರಮ’ವನ್ನೂ ಅಳಿಸಿ ‘ಮುಪ್ಪಿನ ಮನೆ’ ಎನ್ನಿ.

ಮರು:

ತಪ್ಪು. ಕಡೆಗಣ್ + ಇಸು ಆಗಿದ್ದರೆ ದ್ವಿತ್ವ (ಎರಡು ‘ಣ’) ಎಲ್ಲಿ ಹೋಯಿತು? ‘ಕಡೆಗಣ್ಣಿಸು’ ಆಗಬೇಕಿತ್ತು. ಅದು ಕಡೆ + ಗಣಿಸು, ಕಡೆಯದಾಗಿ ಎಣಿಸುವುದು. ‘ಗಣಿಸು’ ಸಂಸ್ಕೃತದಿಂದಲೇ ಬಂದದ್ದು. ‘ಲಕ್ಷ್ಯ’ಕ್ಕೆ ಗಮನ ಎಂಬ ಅರ್ಥವೂ ಇದೆ. ಅಚ್ಚಗನ್ನಡವೇ ಬೇಕು ಎಂಬ ಹಟವಿದ್ದರೆ ಮೊದಲು ‘ಹಕ್ಕು’ ಅಳಿಸಿ, ಅದು ಅರಬ್ಬಿಯದು. ‘ಕಾನೂನು’ ಕೂಡ.

ಮರು (ಮಂಡ್ಯದಿಂದ):

ದ್ವಿತ್ವ ಬಾಯಲ್ಲಿ ಸವೆದಿದೆ. ‘ಹಕ್ಕು’ ರೈತರ ಬಾಯಲ್ಲಿ ಬೇರೂರಿದ ಪದ, ಎಲ್ಲಿಂದ ಬಂದರೂ ಈಗ ನಮ್ಮದು. ‘ದೌರ್ಜನ್ಯ’ ಪೇಪರಿನಲ್ಲಿ ಮಾತ್ರ ಇದೆ. ಎರವಲು ತಪ್ಪು ಎಂದು ನಾನು ಎಲ್ಲೂ ಹೇಳಿಲ್ಲ. ಬಾಯಿಗೆ ಬಾರದ ಎರವಲು ತಪ್ಪು.

ಮರು (ಮೈಸೂರು ಕೋರ್ಟಿನಲ್ಲಿ ವಕೀಲಿ ಮಾಡುವವನು):

ಬೇರು ಅಗೆಯುವುದು ಆಮೇಲೆ ಇಟ್ಟುಕೊಳ್ಳಿ. ಬೋರ್ಡಿನಲ್ಲಿ ‘ತೊರೆಯುವುದು’ ಮತ್ತು ‘ಕಡೆಗಣಿಸುವುದು’ ಬೆರೆಯಬಾರದು. ಹಿರಿಯ ನಾಗರಿಕರ 2007ರ ಕಾಯ್ದೆಯ 24ನೇ ಕಲಂ ಶಿಕ್ಷೆ ಹೇಳುವುದು ತೊರೆಯುವುದಕ್ಕೆ. ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲೋ ಬಿಟ್ಟು ಹೋದರೆ 3 ತಿಂಗಳ ತನಕ ಜೈಲು, ಇಲ್ಲವೇ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಒಳಗೇ ಇಟ್ಟುಕೊಂಡು ನೀರು ಕೊಡದಿದ್ದರೆ ಅದು ಬೇರೆ ಮಾತು. ಕೈಲಾಗದವರನ್ನು ನೋಡಿಕೊಳ್ಳಲು ಒಪ್ಪಂದ ಮಾಡಿಕೊಂಡು ಬೇಕೆಂದೇ ನೋಡಿಕೊಳ್ಳದಿರುವುದು ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಂ. ಹಳೆಯ ದಂಡ ಸಂಹಿತೆಯಲ್ಲಿ 491 ಇತ್ತು. ದುಡ್ಡು ಕಟ್ಟಿ ಇದ್ದರೆ ಗ್ರಾಹಕ ಆಯೋಗಕ್ಕೂ ಹೋಗಬಹುದು, ಅಲ್ಲಿನ ಪದ ‘ಸೇವಾ ನ್ಯೂನತೆ’. ದೂರಿನಲ್ಲಿ ಅದನ್ನೇ ಬರೆಯಬೇಕು, ಗೋಡೆ ಮೇಲೆ ಬೇಡ.

ಇನ್ನೊಂದು. ‘ಆಶ್ರಮವಾಸಿ’ ಎನ್ನಬೇಡಿ. ಆಶ್ರಮ ಎಂದರೆ ದಾನದ ಮನೆ ಅನ್ನಿಸುತ್ತದೆ. ತಿಂಗಳು ತಿಂಗಳು ದುಡ್ಡು ಕಟ್ಟುವವರೂ ಹಂಗಿನಲ್ಲಿದ್ದೇವೆ ಎಂದುಕೊಂಡು ಬಾಯಿ ಮುಚ್ಚಿಕೊಂಡಿರುತ್ತಾರೆ. ನಾನು ನೋಡಿದ್ದೇನೆ.

ಮರು (ಕೇಳಿದವಳು):

ವಕೀಲರೇ, ಹಂಗಿನ ಮಾತು ನೂರಕ್ಕೆ ನೂರು ನಿಜ. ನಮ್ಮ ದೊಡ್ಡಮ್ಮನೂ ‘ಅವರೂ ಪಾಪ, ಎಷ್ಟು ಅಂತ ನೋಡ್ತಾರೆ’ ಎನ್ನುತ್ತಿದ್ದರು. ಮಂಡ್ಯದ ಮೇಷ್ಟ್ರೇ, ‘ಕಾಟ’ ಚೆನ್ನಾಗಿದೆ. ಆದರೆ ದೊಡ್ಡಮ್ಮನಿಗೆ ಯಾರೂ ಕಾಟ ಕೊಟ್ಟಿರಲಿಲ್ಲ, ಯಾರೂ ಬರುತ್ತಲೇ ಇರಲಿಲ್ಲ. ‘ಕಡೆಗಣಿಕೆ’ಯೂ ಅವರಿಗೆ ದೂರದ ಮಾತೇ. ಹೆಸರು ಇಡುವುದನ್ನು ಬಿಟ್ಟು ಆಗುವುದನ್ನು ಆದ ಹಾಗೇ ಬರೆಸುತ್ತೇನೆ:

‘ನಿಮ್ಮನ್ನು ಬೈದರೆ, ಹೊಡೆದರೆ, ಕಟ್ಟಿಹಾಕಿದರೆ, ಊಟ, ನೀರು, ಮಾತ್ರೆ ತಪ್ಪಿಸಿದರೆ, ಬಟ್ಟೆ, ಹಾಸಿಗೆ ಬದಲಿಸದಿದ್ದರೆ, ನಿಮ್ಮ ದುಡ್ಡು ತೆಗೆದುಕೊಂಡರೆ ಸುಮ್ಮನಿರಬೇಡಿ. ದೂರು ಕೊಡುವುದು ನಿಮ್ಮ ಹಕ್ಕು. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ದುಡ್ಡಿಲ್ಲ.’

ಎರಡು ಸಣ್ಣ ಅನುಮಾನ. ‘ದುಡ್ಡಿಲ್ಲ’ವೋ ‘ಉಚಿತ’ವೋ? ‘ಫೋನ್ ಮಾಡಿ’ಯೋ ‘ಮಾಡಿಸಿ’ಯೋ? ಅಲ್ಲಿ ಸುಮಾರು ಜನರ ಹತ್ತಿರ ಫೋನೇ ಇಲ್ಲ.

ಮರು (ಮಂಡ್ಯದಿಂದ):

‘ದುಡ್ಡು ಕೊಡಬೇಕಾಗಿಲ್ಲ’. ‘ಮಾಡಿ, ಇಲ್ಲವೇ ನೋಡಲು ಬಂದವರ ಕೈಲಿ ಮಾಡಿಸಿ’. ನಂಬರ್ ದೊಡ್ಡದಾಗಿ ಬರೆಸಿ ತಾಯಿ, ಕಣ್ಣು ಮಂಜಾದವರಿಗೂ ಕಾಣಬೇಕು.